ಹಿರಿಸೊಸೆಯನ್ನು ಬಿಟ್ಟು ಕಿರಿಸೊಸೆಯನ್ನೇ ಏಕೆ ಕೊಟ್ಟರು? – ಲಾಭಕ್ಕಾಗಿ ಕೊಡುವ ಬಲಿ ಮತ್ತು ಹಳೆಯ ಕಥೆಗಳು

ಬೀಸುಕಲ್ಲು (ಚರ್ಚೆ ಆರಂಭಿಸಿದವರು):

ಗೆಳೆಯರೇ, ‘ಕೆರೆಗೆ ಹಾರ’ ಕಥನಗೀತೆಯನ್ನು ನಮ್ಮಲ್ಲಿ ಬಹುಪಾಲು ಮಂದಿ ಶಾಲೆಯಲ್ಲಿ ಓದಿದ್ದೇವೆ, ಕೆಲವರು ಅದಕ್ಕೂ ಮೊದಲೇ ಅಜ್ಜಿಯ ಬಾಯಲ್ಲಿ ಕೇಳಿದ್ದೇವೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಅದಕ್ಕೆ ಹನಿ ನೀರು ಬರುವುದಿಲ್ಲ. ಜೋಯಿಸರಿಂದ ಹೊತ್ತಿಗೆ ತೆಗೆಸಿ ನೋಡಿದಾಗ ಬಲಿ ಕೊಡಬೇಕೆಂದು ಗೊತ್ತಾಗುತ್ತದೆ. ಕಿರಿಸೊಸೆ ಭಾಗೀರಥಿ ಕೆರೆಯ ಪಾಲಾಗುತ್ತಾಳೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆಯೇರಿ ಬಂದು, ನಡೆದದ್ದನ್ನು ತಿಳಿದು, ತಾನೂ ಅದೇ ನೀರಿಗೆ ಹಾರುತ್ತಾನೆ. ಈ ಹಾಡಿನಲ್ಲಿ ತ್ಯಾಗ ಮಾಡಿದವರು ಯಾರು ಎಂದು ತರಗತಿಯಲ್ಲಿ ಕೇಳಿದಾಗ ನಾವೆಲ್ಲ ಒಂದೇ ಉಸಿರಿಗೆ ಭಾಗೀರಥಿಯ ಹೆಸರು ಹೇಳುತ್ತಿದ್ದೆವು.

ಐವತ್ತು ದಾಟಿದ ಮೇಲೆ ಮತ್ತೆ ಓದಲು ಕುಳಿತಾಗ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಹಾಡಿನಲ್ಲಿ ಮೊದಲು ಬರುವುದು ಹಿರಿಸೊಸೆ ಮಲ್ಲವ್ವನ ಹೆಸರು. ಅವಳನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇರುವುದಿಲ್ಲ ಎಂಬ ಯೋಚನೆ ಅದರ ಹಿಂದೆಯೇ ಬರುತ್ತದೆ. ಮುಂದಿನ ಸಾಲಿನಲ್ಲಿ ಕಿರಿಸೊಸೆಯ ಹೆಸರು ಬಂದಾಗಿರುತ್ತದೆ. ಇಷ್ಟೇ, ಎರಡು ಮೂರು ಸಾಲು. ಹಾಡುವವರು ಅಲ್ಲಿ ದನಿಯನ್ನೂ ಏರಿಸುವುದಿಲ್ಲ. ಆದರೆ ಅಷ್ಟರಲ್ಲಿ ಇಬ್ಬರು ಹೆಂಗಸರನ್ನು ತೂಗಿ, ಯಾರನ್ನು ಕಳೆದುಕೊಂಡರೆ ಮನೆಗೆ ಕಡಿಮೆ ನಷ್ಟ ಎಂದು ನೋಡಿ ಆಗಿದೆ. ಕೆರೆ ಎಂದರೆ ತೂಬಿನ ಕೆಳಗಿನ ಗದ್ದೆ, ವರ್ಷಕ್ಕೆ ಎರಡು ಬೆಳೆ, ಗೌಡಿಕೆಯ ಮಾನ ಎಲ್ಲವೂ ಹೌದು. ಆದ್ದರಿಂದ ನಾನು ಇದನ್ನು ದೈವಭಕ್ತಿಯ ಕಥೆಗಿಂತ ಹೆಚ್ಚಾಗಿ, ಹಾಕಿದ ಬಂಡವಾಳ ಮುಳುಗದಿರಲೆಂದು ಮನೆಯ ಹೆಣ್ಣುಮಗಳನ್ನು ಮುಳುಗಿಸಿದವರ ಕಥೆಯೆಂದು ಓದುತ್ತಿದ್ದೇನೆ.

ಇನ್ನೊಂದು ಸಂಗತಿ ಬಂಗಾರದ ಬಟ್ಟಲಿನದು. ಗಂಗೆಯ ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ ಬಟ್ಟಲನ್ನು ಅಲ್ಲೇ ಮರೆತು ಬಂದೆವೆಂದು ಹೇಳುತ್ತಾರೆ. ತರಲು ಓಡುವವಳು ಭಾಗೀರಥಿ. ಅವಳನ್ನು ಯಾರೂ ಕೈ ಹಿಡಿದು ನೂಕುವುದಿಲ್ಲ, ಒಂದು ಕೆಲಸ ಹೇಳಿ ಕಳಿಸುತ್ತಾರೆ. ನೀವು ಓದಿದ ಹಳೆಯ ಕಥೆ, ಕಾದಂಬರಿ, ನಾಟಕಗಳಲ್ಲಿ ಈ ಎರಡನ್ನು, ಎಂದರೆ ಕಡಿಮೆ ಬೆಲೆಯ ಜೀವವನ್ನು ಆರಿಸುವ ಲೆಕ್ಕವನ್ನೂ ಮರೆತ ಬಟ್ಟಲಿನ ನೆಪವನ್ನೂ, ಎಲ್ಲೆಲ್ಲಿ ಕಂಡಿದ್ದೀರಿ ಎಂದು ತಿಳಿಯುವ ಆಸೆ ನನಗೆ.

ನಿವೃತ್ತ ಮೇಷ್ಟ್ರು:

ಬೀಸುಕಲ್ಲು ಅವರೇ, ಈ ಪದ್ಯವನ್ನು ಪಾಠ ಹೇಳಿ ‘ತ್ಯಾಗ’ ಎಂದು ಕಪ್ಪುಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ಅಪರಾಧಿಗಳಲ್ಲಿ ನಾನೂ ಒಬ್ಬ. ಹಿರಿತನದ ಸಾಲನ್ನು ನಾನು ಅರ್ಥ ಹೇಳಿ ಮುಂದೆ ಹೋಗಿಬಿಡುತ್ತಿದ್ದೆ.

ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ ಉದಾಹರಣೆ ಸರ್ಬಿಯಾದಲ್ಲಿದೆ. ವೂಕ್ ಕರಾಜಿಚ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜನರ ಬಾಯಿಂದ ಸಂಗ್ರಹಿಸಿದ ಕಥನಗೀತೆಗಳಲ್ಲಿ ಸ್ಕಾದರ್ ಕೋಟೆ ಕಟ್ಟಿದ ಹಾಡು ಒಂದು. ಮೂವರು ಅಣ್ಣತಮ್ಮಂದಿರು ಮುನ್ನೂರು ಕಲ್ಲುಕೆಲಸದವರನ್ನಿಟ್ಟು ಮೂರು ವರ್ಷ ಕಟ್ಟಿದರೂ ಅಡಿಪಾಯ ಏಳುವುದಿಲ್ಲ. ಹಗಲು ಕಟ್ಟಿದ್ದನ್ನು ರಾತ್ರಿ ಒಂದು ಯಕ್ಷಿಣಿ ಕೆಡವುತ್ತಾಳೆ. ನಾಳೆ ಮಧ್ಯಾಹ್ನದ ಬುತ್ತಿ ತರುವ ಹೆಂಡತಿ ಯಾರೋ ಅವಳನ್ನು ಗೋಡೆಯಲ್ಲಿಟ್ಟು ಕಟ್ಟಿರಿ ಎಂದು ಕೊನೆಗೆ ಆ ಯಕ್ಷಿಣಿಯೇ ಕೇಳುತ್ತಾಳೆ. ಮನೆಯಲ್ಲಿ ಹೇಳುವುದಿಲ್ಲವೆಂದು ಮೂವರೂ ಆಣೆ ಮಾಡಿಕೊಳ್ಳುತ್ತಾರೆ. ಹಿರಿಯರಿಬ್ಬರು ರಾತ್ರಿಯೇ ಹೆಂಡತಿಯರ ಕಿವಿಯಲ್ಲಿ ವಿಷಯ ಹಾಕಿಬಿಡುತ್ತಾರೆ. ಕಿರಿಯವನು ಮಾತಿಗೆ ತಪ್ಪುವುದಿಲ್ಲ. ಮರುದಿನ ಒಬ್ಬಳು ಕೈನೋವಿನ ನೆಪ ಹೇಳುತ್ತಾಳೆ, ಇನ್ನೊಬ್ಬಳು ಮತ್ತೊಂದು. ಬುತ್ತಿ ಹೊತ್ತು ಬರುವವಳು ಹಸುಗೂಸಿನ ತಾಯಿಯಾದ ಕಿರಿಯವಳು. ಗೋಡೆ ಮೊಣಕಾಲಿಗೆ ಬರುವವರೆಗೂ ಅವಳು ಇದನ್ನು ತಮಾಷೆಯೆಂದೇ ತಿಳಿದು ನಗುತ್ತಿರುತ್ತಾಳೆ. ಆಮೇಲೆ, ಮಗುವಿಗೆ ಹಾಲೂಡಿಸಲು ಎದೆಯ ಮಟ್ಟದಲ್ಲಿ ಕಿಂಡಿ ಬಿಡಿ ಎಂದು ಬೇಡಿಕೊಳ್ಳುತ್ತಾಳೆ. ರುಮೇನಿಯಾದಲ್ಲಿ ಇದೇ ಕಥೆ ಮಠವೊಂದರ ಗೋಡೆಯದು, ಗ್ರೀಸಿನಲ್ಲಿ ಆರ್ತಾ ಎಂಬಲ್ಲಿಯ ಸೇತುವೆಯದು.

ಅಲ್ಲಿ ಬುತ್ತಿ, ಇಲ್ಲಿ ಬಟ್ಟಲು. ಅಲ್ಲಿ ಮೊಣಕಾಲಿಗೆ, ಸೊಂಟಕ್ಕೆ ಏರುವ ಕಲ್ಲು. ಇಲ್ಲಿ ಒಂದೊಂದು ಮೆಟ್ಟಿಲಿಗೂ ಪಾದದಿಂದ ಮೇಲೆ ಮೇಲೆ ಬರುವ ಗಂಗೆ. ಎರಡು ಜನಾಂಗಗಳು ಒಬ್ಬರನ್ನೊಬ್ಬರು ಕೇಳಿಯೂ ಇರದ ಕಾಲದಲ್ಲಿ ಇದು ಹೇಗಾಯಿತು ಎನ್ನುವುದಕ್ಕೆ ಜಾನಪದ ವಿದ್ವಾಂಸರು ನಾನಾ ಉತ್ತರ ಕೊಟ್ಟಿದ್ದಾರೆ. ನನ್ನ ಸರಳ ಉತ್ತರ ಇಷ್ಟೇ: ಕೂಡುಕುಟುಂಬದಲ್ಲಿ ಕಡೆಯದಾಗಿ ಬಂದ ಸೊಸೆಗೆ ಮಾತಿಲ್ಲ, ಮತ್ತು ಹೇಳಿದ ಕೆಲಸಕ್ಕೆ ಮೊದಲು ಏಳುವವಳು ಅವಳೇ.

ಲೆಕ್ಕದ ಪುಸ್ತಕ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ, ಆದರೆ ಒಂದು ಆಕ್ಷೇಪ ಎತ್ತದೆ ಇರಲಾರೆ. ನಾನು ರಸ್ತೆ, ಸೇತುವೆಗಳ ಅಂದಾಜುಪಟ್ಟಿ ತಯಾರಿಸುವ ಕೆಲಸದಲ್ಲಿರುವವನು. ಘಾಟಿಯೊಂದರ ಇಪ್ಪತ್ತು ತಿರುವುಗಳಿಗೆ ತಡೆಗೋಡೆ ಬೇಕು, ಬಂದ ಹಣ ಆರಕ್ಕೆ ಸಾಲುತ್ತದೆ ಎಂದು ಇಟ್ಟುಕೊಳ್ಳಿ. ಯಾವ ಆರು? ಎಲ್ಲಿ ಎಷ್ಟು ವಾಹನ ಓಡಾಡುತ್ತದೆ, ಎಲ್ಲಿ ಎಷ್ಟು ಸಾವು ಆಗಿದೆ, ಒಂದು ಗೋಡೆಯಿಂದ ಎಷ್ಟು ಜೀವ ಉಳಿದೀತು ಎಂದು ಕೂಡಿ ಕಳೆದು ನೋಡಲೇಬೇಕು. ಜೀವಕ್ಕೆ ಬೆಲೆ ಕಟ್ಟುವುದು ಅಮಾನುಷ ಎಂದು ಕೈತೊಳೆದುಕೊಂಡರೆ ಶಾಸಕರ ಊರಿನ ತಿರುವಿನಲ್ಲಿ ಗೋಡೆ ಏಳುತ್ತದೆ, ಅಷ್ಟೇ. ಉಳಿದ ಹದಿನಾಲ್ಕು ತಿರುವುಗಳಲ್ಲಿ ಸಾಯುವವರನ್ನು ನಾನೂ ಒಂದರ್ಥದಲ್ಲಿ ಬಲಿಕೊಟ್ಟಿದ್ದೇನೆ, ಆದರೆ ಬೇರೆ ದಾರಿ ತೋರಿಸಿ.

ಮಲ್ಲನಗೌಡನ ತಪ್ಪು ಅವನು ಲೆಕ್ಕ ಹಾಕಿದ್ದರಲ್ಲಿಲ್ಲ, ಸುಳ್ಳು ಲೆಕ್ಕ ಹಾಕಿದ್ದರಲ್ಲಿದೆ. ಹೆಂಗಸೊಬ್ಬಳು ಸತ್ತರೆ ಕೆರೆಗೆ ನೀರು ಬರುವುದಿಲ್ಲ. ನಿಜವಾಗಿ ಬರುವಂತಿದ್ದು, ಕೆರೆ ತುಂಬದಿದ್ದರೆ ಹತ್ತು ಹಳ್ಳಿ ಬರಕ್ಕೆ ಸಿಕ್ಕುವಂತಿದ್ದರೆ ನೀವೇನು ಹೇಳುತ್ತಿದ್ದಿರಿ?

ತೂಬು:

ಲೆಕ್ಕದ ಪುಸ್ತಕ ಅವರೇ, ನಿಮ್ಮ ಉದಾಹರಣೆಯಲ್ಲಿ ಕಾಗದವೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟಿರುತ್ತದೆ. ಯಾವ ತಿರುವಿಗೆ ಗೋಡೆ ಇಲ್ಲ ಎಂದು ಬಸ್ಸಿನ ಚಾಲಕನಿಗೂ ಗೊತ್ತಿರುತ್ತದೆ, ಅವನು ನಿಧಾನ ಮಾಡುತ್ತಾನೆ. ಬಟ್ಟಲಿನ ವಿಷಯ ಬರುವುದು ಕಾಗದವನ್ನು ಮಡಚಿಟ್ಟಾಗ.

ಆರ್ಥರ್ ಮಿಲ್ಲರ್ 1947ರಲ್ಲಿ ರಂಗಕ್ಕೆ ತಂದ ‘ಆಲ್ ಮೈ ಸನ್ಸ್’ ನಾಟಕದ ಜೋ ಕೆಲ್ಲರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಎಂಜಿನ್‌ಗೆ ಸಿಲಿಂಡರ್ ಹೆಡ್ ಮಾಡಿಕೊಡುವ ಕಾರ್ಖಾನೆಯ ಮಾಲೀಕ. ಒಂದು ಕಂತು ಬಿರುಕು ಬಿಟ್ಟು ಹೊರಬೀಳುತ್ತದೆ. ಹಾಗೆಂದು ಹೇಳಿದರೆ ಗುತ್ತಿಗೆ ಹೋಗುತ್ತದೆ, ನಲವತ್ತು ವರ್ಷದ ದುಡಿಮೆ ಐದು ನಿಮಿಷದಲ್ಲಿ ನೆಲಸಮವಾಗುತ್ತದೆ. ಬಿರುಕನ್ನು ಮುಚ್ಚಿ ಕಳಿಸಿಬಿಡು ಎಂದು ಪಾಲುದಾರನಿಗೆ ಫೋನಿನಲ್ಲಿ ಹೇಳಿ, ತಾನು ಆ ದಿನ ಜ್ವರವೆಂದು ಮನೆಯಲ್ಲಿ ಮಲಗುತ್ತಾನೆ. 21 ಪೈಲಟ್‌ಗಳು ಸಾಯುತ್ತಾರೆ. ಪಾಲುದಾರ ಜೈಲಿಗೆ ಹೋಗುತ್ತಾನೆ. ಕೆಲ್ಲರ್ ಊರಿನ ಮಕ್ಕಳೊಡನೆ ಅಂಗಳದಲ್ಲಿ ಆಟವಾಡಿಕೊಂಡು ಇರುತ್ತಾನೆ. ಆ ಜ್ವರವೇ ಅವನ ಬಂಗಾರದ ಬಟ್ಟಲು. ಗಮನಿಸಬೇಕಾದದ್ದೆಂದರೆ ಅವನು ರಾಕ್ಷಸನಲ್ಲ. ಎಲ್ಲವನ್ನೂ ಮಕ್ಕಳಿಗಾಗಿ ಮಾಡಿದೆ ಎನ್ನುವ ಅವನ ಮಾತು ನಾಟಕದಲ್ಲಿ ಸುಳ್ಳೆಂದು ಕೇಳಿಸುವುದಿಲ್ಲ, ಆದ್ದರಿಂದಲೇ ಎದೆ ಝಲ್ಲೆನ್ನುತ್ತದೆ.

ನನ್ನ ಅನುಭವವನ್ನೂ ಹೇಳುತ್ತೇನೆ. ಬಹಳ ಹಿಂದೆ ನಾನೊಂದು ಕಾರ್ಖಾನೆಯಲ್ಲಿದ್ದೆ. ಹೆಸರು ಇಲ್ಲಿ ಬೇಡ. ತಗಡು ಒತ್ತುವ ಪ್ರೆಸ್ ಯಂತ್ರಕ್ಕೆ ಎರಡು ಗುಂಡಿ ಇರುತ್ತವೆ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಕೈ ಒಳಗೆ ಉಳಿಯಬಾರದೆಂದೇ ಆ ಏರ್ಪಾಡು. ನಮ್ಮಲ್ಲಿ ಒಂದು ಗುಂಡಿಗೆ ಮರದ ಚಕ್ಕೆ ಸಿಕ್ಕಿಸಿ ಅದನ್ನು ಸದಾ ಒತ್ತಿದ ಹಾಗೆಯೇ ಇಡುತ್ತಿದ್ದರು, ಖಾಲಿಯಾದ ಕೈ ಮುಂದಿನ ತಗಡನ್ನು ತಳ್ಳಲಿ ಎಂದು. ಪಾಳಿಗೆ ಇಷ್ಟು ಎಂದು ಗುರಿ ಇತ್ತು, ಮೇಲೆ ಮಾಡಿದ್ದಕ್ಕೆ ಹೆಚ್ಚಿಗೆ ಕಾಸು. ಒಬ್ಬ ಹುಡುಗನ ಎರಡು ಬೆರಳು ಹೋದಾಗ ವರದಿಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದರು. ಚಕ್ಕೆಯನ್ನು ಅವನೇ ಸಿಕ್ಕಿಸಿದ್ದು ನಿಜ. ಆದರೆ ಹದಿನಾರು ಯಂತ್ರಕ್ಕೂ ಒಂದೇ ಅಳತೆಯ ಚಕ್ಕೆಗಳು ನಮ್ಮ ಬಡಗಿ ಶೆಡ್ಡಿನಲ್ಲೇ ತಯಾರಾಗಿದ್ದವು.

ಓದುಗ, ಕೋಲಾರ:

ತೂಬು ಅವರ ಚಕ್ಕೆಯನ್ನು ಓದುತ್ತಿದ್ದಂತೆ ಎಮಿಲ್ ಜೋಲಾನ ‘ಜರ್ಮಿನಾಲ್’ (1885) ನೆನಪಾಯಿತು. ಉತ್ತರ ಫ್ರಾನ್ಸಿನ ಕಲ್ಲಿದ್ದಲು ಗಣಿಯ ಕಥೆ. ಅಲ್ಲಿ ಗಣಿಗಾರರಿಗೆ ಕೂಲಿ ಸಿಗುವುದು ತುಂಬಿದ ಗಾಡಿಯ ಲೆಕ್ಕಕ್ಕೆ. ಸುರಂಗದ ಚಾವಣಿ ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸವೂ ಅವರದೇ, ಆದರೆ ಅದಕ್ಕೆ ಪ್ರತ್ಯೇಕ ಕೂಲಿ ಇಲ್ಲ. ಆಸರೆ ನಿಲ್ಲಿಸುವ ಒಂದು ಗಂಟೆ ಎಂದರೆ ಮನೆಯಲ್ಲಿ ಕಡಿಮೆಯಾಗುವ ರೊಟ್ಟಿ. ಸಹಜವಾಗಿಯೇ ಅವರು ಅವಸರದಲ್ಲಿ ಒಂದೆರಡು ಮರ ನಿಲ್ಲಿಸಿ ಕಲ್ಲಿದ್ದಲು ಕಡಿಯಲು ತೊಡಗುತ್ತಾರೆ. ಎಂಜಿನಿಯರ್ ಬಂದು ನೋಡಿ ದಂಡ ಹಾಕುತ್ತಾನೆ. ಬಳಿಕ ಕಂಪನಿ ಆಸರೆಗೆ ಬೇರೆ ಕೂಲಿ ಕೊಡುತ್ತೇವೆಂದು ಘೋಷಿಸಿ, ಗಾಡಿಯ ದರವನ್ನು 50 ಸೆಂಟೀಮಿನಿಂದ 40ಕ್ಕೆ ಇಳಿಸುತ್ತದೆ. ಕೂಡಿ ನೋಡಿದರೆ ಗಣಿಗಾರನಿಗೆ ನಷ್ಟ. ಸುರಕ್ಷತೆಯ ಹೆಸರಿನಲ್ಲೇ ಕೂಲಿ ಕಡಿತ! ಮುಷ್ಕರ ಹೊತ್ತಿಕೊಳ್ಳುವುದು ಇದರಿಂದ. ಕಾರ್ಮಿಕನ ಅಜಾಗರೂಕತೆ ಎಂಬುದು ಹೇಗೆ ತಯಾರಾಗುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.

ಅದೇ ಕಾದಂಬರಿಯಲ್ಲಿ ಬೋನ್‌ಮೋರ್ ಎಂಬ ಮುದುಕನಿದ್ದಾನೆ. ಎಂಟನೆಯ ವಯಸ್ಸಿಗೆ ಗಣಿಗಿಳಿದವನು, ಈಗ ಐವತ್ತೆಂಟು, ಉಗುಳಿದರೆ ಕಪ್ಪು. ಈಗ ಬಿಟ್ಟರೆ 150 ಫ್ರಾಂಕ್ ಪಿಂಚಣಿ, ಅರವತ್ತರವರೆಗೆ ಎಳೆದರೆ 180. ಆ ಮೂವತ್ತು ಫ್ರಾಂಕಿಗಾಗಿ ಎಳೆಯುತ್ತಿದ್ದಾನೆ. ಈ ಗಣಿ ಯಾರದು ಎಂದು ಹೊಸದಾಗಿ ಬಂದ ಯುವಕ ಕೇಳಿದರೆ ಮುದುಕ ಕತ್ತಲೆಯ ಕಡೆ ಕೈ ತೋರಿಸಿ, ಯಾರೋ ಜನರದು ಎನ್ನುತ್ತಾನೆ. ಆ ‘ಯಾರೋ ಜನ’ ಕೆಲವು ಪುಟಗಳ ನಂತರ ಬೆಚ್ಚಗಿನ ಮನೆಯಲ್ಲಿ ಬೆಳಗಿನ ತಿಂಡಿ ತಿನ್ನುತ್ತಿರುತ್ತಾರೆ. ಮುತ್ತಜ್ಜ ಹತ್ತು ಸಾವಿರ ಫ್ರಾಂಕಿಗೆ ಕೊಂಡಿಟ್ಟ ಒಂದು ಪಾಲಿನಿಂದ ಅವರಿಗೆ ವರ್ಷಕ್ಕೆ ನಲವತ್ತು ಸಾವಿರ ಬರುತ್ತದೆ. ಒಳ್ಳೆಯವರು, ಮಗಳನ್ನು ಮುದ್ದಿನಿಂದ ಸಾಕಿದವರು. ಬಡವರಿಗೆ ಹಳೆಯ ಬಟ್ಟೆ ಕೊಡುತ್ತಾರೆ, ಹಣ ಕೊಟ್ಟರೆ ಕುಡಿದು ಹಾಳಾಗುತ್ತಾರೆ ಎಂದು ಕೊಡುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಈ ಪುಸ್ತಕ ದೂರದ್ದೆನಿಸುವುದಿಲ್ಲ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯೇ ಒತ್ತಡ ತಾಳದೆ ಸಿಡಿಯುತ್ತದೆ, ಕೊರೆದ ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂರುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಆ ಗಣಿಗೆ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಈಗ ನೋಡಲು ಉಳಿದಿರುವುದು ಚಿನ್ನ ತೆಗೆದ ಮೇಲೆ ಸುರಿದ ತ್ಯಾಜ್ಯದ ಸೈನೈಡ್ ದಿಬ್ಬಗಳು. ಗಾಳಿಯ ತಿಂಗಳಲ್ಲಿ ಅವುಗಳ ಬೂದಿ ಊರ ಮೇಲೆ ಏಳುತ್ತದೆ.

ಕರಿಕೋಟು:

ವಕೀಲನಾಗಿ ಒಂದು ಮಾತು ಸೇರಿಸುತ್ತೇನೆ. ಹಿರಿಸೊಸೆ ಕಿರಿಸೊಸೆಯರ ಲೆಕ್ಕ ಹಾಡಿನಲ್ಲೇ ಮುಗಿದಿಲ್ಲ. ಮೋಟಾರು ಅಪಘಾತದ ಪರಿಹಾರ ನಿರ್ಧರಿಸುವಾಗ ಮೃತರ ಆದಾಯವನ್ನು ಹಿಡಿದು, ಅವರ ಸ್ವಂತ ಖರ್ಚೆಂದು ಒಂದು ಭಾಗವನ್ನು ಕಳೆದು, ಉಳಿದುದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತೇವೆ. ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಈ ಗುಣಕಗಳನ್ನು ಪಟ್ಟಿ ಮಾಡಿಕೊಟ್ಟಿತು. 21ರಿಂದ 25ರ ವಯಸ್ಸಿಗೆ 18. ಹಿಂದೆ ಒಬ್ಬೊಬ್ಬ ನ್ಯಾಯಾಧೀಶರು ಒಂದೊಂದು ರೀತಿ ಕೊಡುತ್ತಿದ್ದರು, ಅದಕ್ಕಿಂತ ಇದು ನ್ಯಾಯವೇ. ಆದರೆ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕುಳಿತು ಸತ್ತ, ಒಂದೇ ವಯಸ್ಸಿನ ಬ್ಯಾಂಕ್ ಅಧಿಕಾರಿಗೂ ಗಾರೆ ಕೆಲಸದವನಿಗೂ ಬರುವ ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹಾಡಿನ ಆ ಸಾಲು ಕೇಳಿಸುತ್ತದೆ.

ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ತೀರಿಕೊಂಡರೆ ಇನ್ನೂ ಕಷ್ಟ. ಸಂಬಳದ ಚೀಟಿ ಇಲ್ಲದ ಕಾರಣ ಒಂದು ‘ಕಾಲ್ಪನಿಕ ಆದಾಯ’ವನ್ನು ಊಹಿಸಿಕೊಳ್ಳಬೇಕು, ಅದು ಎಷ್ಟಿರಬೇಕೆಂದು ಎದುರು ಪಕ್ಷದ ವಕೀಲರೂ ನಾನೂ ಅರ್ಧ ದಿನ ಜಗ್ಗಾಡುತ್ತೇವೆ. ಅಡುಗೆಗೆ ಎಷ್ಟು, ಹಸು ನೋಡಿಕೊಂಡಿದ್ದಕ್ಕೆ ಎಷ್ಟು, ಅತ್ತೆಯ ಶುಶ್ರೂಷೆಗೆ ಎಷ್ಟು. ಗಂಡ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಿರುತ್ತಾನೆ.

ಲೆಕ್ಕದ ಪುಸ್ತಕ:

ಕರಿಕೋಟು ಅವರ ಮಾತು ನನಗೆ ತಾಗಿತು, ಒಪ್ಪಿಕೊಳ್ಳುತ್ತೇನೆ. ಲೆಕ್ಕ ಬೇಕು ಎನ್ನುವ ನನ್ನ ನಿಲುವು ಬದಲಾಗಿಲ್ಲ; ಆದರೆ ಎಲ್ಲ ಜೀವಕ್ಕೂ ಒಂದೇ ದರ ಹಿಡಿಯದ ಲೆಕ್ಕ ಮೊದಲೇ ಕೆಟ್ಟಿರುತ್ತದೆ. ನನ್ನ ವೃತ್ತಿಯ ಪೂರ್ವಜನೊಬ್ಬನ ಕಥೆಯನ್ನು ನಾನೇ ಹೇಳಿಬಿಡುತ್ತೇನೆ, ನೀವು ಹೇಳುವ ಮೊದಲು.

ಹದಿನೇಳನೆಯ ಶತಮಾನದ ವಿಲಿಯಂ ಪೆಟ್ಟಿ ಅಂಕಿಅಂಶದಿಂದ ರಾಜ್ಯಾಡಳಿತ ನಡೆಸಬೇಕೆಂದ ಮೊದಲಿಗರಲ್ಲಿ ಒಬ್ಬ. ಐರ್ಲೆಂಡಿನ ಯುದ್ಧದಲ್ಲಿ ಸತ್ತವರಿಂದ ಆದ ನಷ್ಟವನ್ನು ಲೆಕ್ಕ ಹಾಕುವಾಗ ಅವನು, ಇಂಗ್ಲೆಂಡಿನಲ್ಲಿ ತಲೆಗೆ ಸುಮಾರು 70 ಪೌಂಡ್ ಎಂದು ಕೆಲವರು ಲೆಕ್ಕ ಹಾಕುತ್ತಾರೆಂದು ಹೇಳಿ, ಸತ್ತ ಐರಿಶ್ ಜನರನ್ನು ಗುಲಾಮರ ದರಕ್ಕೆ, ಸರಾಸರಿ 15 ಪೌಂಡಿನಂತೆ ಹಿಡಿಯುತ್ತಾನೆ. ಬರವಣಿಗೆಯಲ್ಲಿ ಕೋಪವಿಲ್ಲ, ದ್ವೇಷವಿಲ್ಲ, ಗುಣಾಕಾರ ಮಾತ್ರ ಇದೆ. 1729ರಲ್ಲಿ ಡಬ್ಲಿನ್ನಿನ ಜೊನಾಥನ್ ಸ್ವಿಫ್ಟ್ ‘ಒಂದು ವಿನೀತ ಪ್ರಸ್ತಾಪ’ ಎಂಬ ಕಿರುಹೊತ್ತಗೆಯಲ್ಲಿ ಅಣಕಿಸಿದ್ದು ಈ ದನಿಯನ್ನೇ. ಅವನ ಅಣಕು ಪ್ರಸ್ತಾಪ ಇದು: ವರ್ಷಕ್ಕೆ ಬಡವರಿಗೆ ಹುಟ್ಟುವ ಮಕ್ಕಳು 1,20,000. ತಳಿಗೆಂದು 20,000 ಉಳಿಸಿಕೊಂಡು ಮಿಕ್ಕ ಒಂದು ಲಕ್ಷವನ್ನು ಒಂದು ವರ್ಷ ತುಂಬಿದಾಗ ಉಳ್ಳವರ ಊಟಕ್ಕೆ ಮಾರಬೇಕು. ಸಾಕಲು ತಗಲುವುದು ಚಿಂದಿಬಟ್ಟೆಯೂ ಸೇರಿ 2 ಶಿಲಿಂಗ್, ಮಾರಿದರೆ 10, ತಾಯಿಗೆ ನಿವ್ವಳ ಲಾಭ 8. ಜಮೀನ್ದಾರರಿಗೆ ಈ ಮಾಂಸ ಬಹಳ ಯೋಗ್ಯ, ಏಕೆಂದರೆ ತಂದೆತಾಯಿಯರನ್ನು ಅವರು ಈಗಾಗಲೇ ತಿಂದಾಗಿದೆ ಎನ್ನುತ್ತಾನೆ. ಕಚೇರಿಗೆ ಸೇರಿದ ಹೊಸತರಲ್ಲಿ ಓದಿದಾಗ ನಕ್ಕಿದ್ದೆ. ಈಚೆಗೆ ಅದೇ ಪುಟ ತೆಗೆದಾಗ, ವಾಕ್ಯಗಳ ಜೋಡಣೆ ನಾನು ಬರೆಯುವ ಟಿಪ್ಪಣಿಗಳ ಹಾಗೆಯೇ ಇದೆಯಲ್ಲ ಎನಿಸಿ ನಗು ಬರಲಿಲ್ಲ.

ಆದರೆ ನೀವೆಲ್ಲ ಗೌಡ, ಮಾಲೀಕ, ಕಂಪನಿ ಎಂದು ಮೇಲಿನವರನ್ನೇ ಹಿಡಿದಿದ್ದೀರಿ. ಇಬ್ಸೆನ್ನನ ‘ಜನಶತ್ರು’ (1882) ನೆನಪಿಸಿಕೊಳ್ಳಿ. ಊರಿನ ಆರೋಗ್ಯಸ್ನಾನದ ನೀರಿಗೆ ತೊಗಲು ಹದಮಾಡುವ ಕಾರ್ಖಾನೆಗಳ ಕೊಳೆ ಸೇರಿದೆ ಎಂದು ಡಾಕ್ಟರ್ ಸ್ಟಾಕ್‌ಮನ್ ಪತ್ತೆಹಚ್ಚಿದಾಗ ಮೊದಲು ಪತ್ರಿಕೆಯವರೂ ಮನೆಮಾಲೀಕರ ಸಂಘದವರೂ ಅವನ ಬೆನ್ನಿಗೆ ನಿಲ್ಲುತ್ತಾರೆ. ರಿಪೇರಿಗೆ ಎರಡು ವರ್ಷ ಬಾಗಿಲು ಹಾಕಬೇಕು, ಖರ್ಚು ಊರಿನವರ ತೆರಿಗೆಯಿಂದಲೇ ಬರಬೇಕು ಎಂದು ಮೇಯರ್ ಹೇಳಿದ ಕೂಡಲೇ ಅದೇ ಜನ ಸಭೆ ಸೇರಿಸಿ ಅವನನ್ನು ಜನಶತ್ರು ಎಂದು ಮತ ಹಾಕಿ ಸಾರುತ್ತಾರೆ. ಸಾಯುವವರು ಹೊರಗಿನಿಂದ ಬಂದ ರೋಗಿಗಳು, ಅಂಗಡಿ ಮತ್ತು ಬಾಡಿಗೆಕೋಣೆ ಊರಿನವರದು. ಕಲ್ಲನಕೇರಿಯಲ್ಲಿ ಸಭೆ ಕರೆದಿದ್ದರೂ ಭಾಗೀರಥಿ ಬದುಕುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಮಲೆನಾಡ ಮಳೆ:

ಲೆಕ್ಕದ ಪುಸ್ತಕ ಸರ್ ಹೇಳಿದ ಈ ಕೊನೆಯ ಮಾತಿಗೆ ಉರ್ಸುಲಾ ಲೆ ಗ್ವಿನ್ ಬರೆದ ಓಮೆಲಾಸ್ ಕಥೆ (1973) ತಕ್ಕ ಜೋಡಿ, ಇಲ್ಲಿ ಅದು ಇನ್ನೂ ಬಾರದಿದ್ದದ್ದು ಆಶ್ಚರ್ಯ. ಸುಖದ ನಗರ; ಆ ಸುಖವೆಲ್ಲ ನೆಲಮಾಳಿಗೆಯ ಕತ್ತಲಲ್ಲಿ ಹೊಲಸಿನ ನಡುವೆ ಕೂಡಿಹಾಕಿದ ಒಂದು ಮಗುವಿನ ಮೇಲೆ ನಿಂತಿದೆ; ಊರಿನ ಪ್ರತಿಯೊಬ್ಬರಿಗೂ ಅದು ಗೊತ್ತು. ಕೆಲವರು ಸುಮ್ಮನೆ ಊರು ಬಿಟ್ಟು ನಡೆಯುತ್ತಾರೆ. ಈ ಕಥೆಯನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಒಂದು ಅಸಮಾಧಾನ ಉಳಿದೇ ಇದೆ. ಆ ಮಗುವಿಗೆ ಹೆಸರಿಲ್ಲ, ಗಂಡೋ ಹೆಣ್ಣೋ ಎಂದೂ ತಿಳಿಯದು, ಅದನ್ನು ಹೇಗೆ ಆರಿಸಿದರೆಂಬ ಮಾತೂ ಇಲ್ಲ. ನಮ್ಮ ಹಾಡಿನಲ್ಲಿ ಹೆಸರಿದೆ, ತವರಿದೆ, ಗೆಳತಿ ಇದ್ದಾಳೆ. ಭಾಗೀರಥಿ ತವರಿಗೆ ಹೋದಾಗ ಅಪ್ಪನಿಗೆ ನಿಜ ಹೇಳದೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಡಲಿ ಬಿಡು, ಹೊಲ ಮನೆ ನಾನು ಕೊಡುತ್ತೇನೆ ಎಂದು ಅಪ್ಪ ಸಮಾಧಾನ ಮಾಡುತ್ತಾನೆ. ಹೊಲ ಮನೆಯಿಂದ ತೀರುವ ಕಷ್ಟವೆಂದೇ ಅವನು ತಿಳಿದಿದ್ದಾನೆ. ಗೆಳತಿಗೆ ಮಾತ್ರ ನಿಜ ಹೇಳುತ್ತಾಳೆ, ಆ ಗೆಳತಿಯೋ ಕೊಟ್ಟ ಮನೆಯವರು ಇಟ್ಟ ಹಾಗೆ ಇರಬೇಕು ಎಂದುಬಿಡುತ್ತಾಳೆ.

ಇದರ ಪಕ್ಕದಲ್ಲಿ ನಾನು ಇಡಬಯಸುವುದು ರವೀಂದ್ರನಾಥ ಠಾಕೂರರ ‘ಮುಕ್ತಧಾರಾ’ (1922) ನಾಟಕವನ್ನು. ನಮ್ಮ ಮನೆ ಶರಾವತಿಯ ಹಿನ್ನೀರಿನ ಅಂಚಿನಲ್ಲಿರುವುದರಿಂದ ಅಣೆಕಟ್ಟಿನ ನಾಟಕವೆಂದರೆ ನನಗೆ ಸ್ವಲ್ಪ ಪಕ್ಷಪಾತವೂ ಇರಬಹುದು. ಉತ್ತರಕೂಟದ ಯಂತ್ರಶಿಲ್ಪಿ ವಿಭೂತಿ ಝರಿಗೆ ಅಡ್ಡ ಕಟ್ಟಿ ನಿಲ್ಲಿಸಿದ್ದಾನೆ. ಕೆಳಗಿನ ಶಿವತರಾಯಿಯ ಜನರನ್ನು ನೀರು ಕಟ್ಟಿ ಬಗ್ಗಿಸುವುದು ರಾಜನ ಉದ್ದೇಶ. ಯಾವ ರೈತನ ಯಾವ ಹೊಲ ಒಣಗೀತೆಂದು ಯೋಚಿಸಲು ತನಗೆ ಪುರುಸೊತ್ತಿರಲಿಲ್ಲ, ಕಲ್ಲು ನೀರು ಮರಳಿನ ಮೇಲೆ ಮನುಷ್ಯನ ಬುದ್ಧಿ ಗೆಲ್ಲಬೇಕೆಂಬುದಷ್ಟೇ ತನಗೆ ಬೇಕಿತ್ತು ಎಂಬರ್ಥದ ಮಾತನ್ನು ವಿಭೂತಿ ಆಡುತ್ತಾನೆ. ಕಟ್ಟುವ ಕೆಲಸಕ್ಕೆ ಹಿಡಿದೊಯ್ದ ಹುಡುಗರಲ್ಲಿ ಎಷ್ಟೋ ಮಂದಿ ಹಿಂದಿರುಗಿಲ್ಲ. ಊರೆಲ್ಲ ಯಂತ್ರದ ಉತ್ಸವಕ್ಕೆ ಹೊರಟಿರುವ ದಾರಿಯಲ್ಲಿ ಅಂಬಾ ಎಂಬ ತಾಯಿ ಸುಮನ್, ಸುಮನ್ ಎಂದು ಮಗನನ್ನು ಕರೆಯುತ್ತ ಎದುರಾದವರನ್ನೆಲ್ಲ ಕೇಳುತ್ತ ಅಲೆಯುತ್ತಾಳೆ. ನಾಟಕದ ಕೊನೆಯವರೆಗೂ ಅಲೆಯುತ್ತಾಳೆ. ಓಮೆಲಾಸ್ ಬಿಟ್ಟು ಹೋದವರಿಗಿಂತ, ಉತ್ಸವದ ದಾರಿ ಬಿಟ್ಟು ಕದಲದ ಈ ಹೆಂಗಸು ನನಗೆ ದೊಡ್ಡವಳಾಗಿ ಕಾಣುತ್ತಾಳೆ.

ನಿವೃತ್ತ ಮೇಷ್ಟ್ರು:

ಒಂದು ಸಣ್ಣ ಸೇರ್ಪಡೆ. ‘ಹಾರ’ ಎಂದರೆ ಹೂವಿನ ಹಾರವೋ ಆಹಾರವೋ ಎಂದು ಮಕ್ಕಳು ಕೇಳುತ್ತಿದ್ದರು, ಎರಡೂ ಹೊಂದುತ್ತದೆ ಎಂದು ಹೇಳಿ ಜಾಣತನ ತೋರಿಸುತ್ತಿದ್ದೆ. ಈ ಚರ್ಚೆ ಓದಿದ ಮೇಲೆ ಮನೆಯವರ ಬಾಯಲ್ಲಿ ಅದು ಹೂವಿನ ಹಾರ, ಕೆರೆಯ ಪಾಲಿಗೆ ಆಹಾರ ಎನ್ನಬೇಕೆನಿಸುತ್ತಿದೆ. ಮಾವ ಅತ್ತ ದೃಶ್ಯವನ್ನೂ ಮರೆಯಬೇಡಿ. ಅವಳು ಅಡುಗೆ ಮಾಡಿ ಬಡಿಸಿ ಸ್ನಾನಕ್ಕೆ ನೀರು ತೋಡುತ್ತಿರುವಾಗ ಮನೆಯ ಹಿರಿಯರ ಕಣ್ಣಲ್ಲಿ ನೀರು ಬರುತ್ತದೆ. ಅತ್ತವರೇ ಕಳಿಸಿದರು.

ಲೆಕ್ಕದ ಪುಸ್ತಕ:

ಮೇಷ್ಟ್ರೇ, ಆ ಅಳುವನ್ನು ನಾನು ನಂಬುತ್ತೇನೆ. ನಾನು ಕೇಳಿದ ಮೂಲ ಪ್ರಶ್ನೆ, ಎಂದರೆ ನಿಜವಾಗಿಯೂ ನೀರು ಬರುವಂತಿದ್ದರೆ ಏನು ಮಾಡಬೇಕು ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಬೀಸುಕಲ್ಲು (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ಧನ್ಯವಾದ. ಲೆಕ್ಕದ ಪುಸ್ತಕ ಅವರೇ, ನಿಮ್ಮ ಪ್ರಶ್ನೆಯನ್ನು ನಾನು ಉದ್ದೇಶಪೂರ್ವಕವಾಗಿಯೇ ಬದಿಗಿಟ್ಟಿದ್ದೆ. ಹಾಡಿನಲ್ಲಿ ನೀರು ನಿಜವಾಗಿಯೂ ಬರುತ್ತದೆ; ಹಾಡು ಕಟ್ಟಿದ ಹೆಂಗಸರು ನಿಮಗೆ ಆ ಷರತ್ತನ್ನು ಪೂರ್ತಿ ಒಪ್ಪಿಸಿಯೇ ಮುಂದೆ ಹೋಗಿದ್ದಾರೆ. ಒಪ್ಪಿಸಿದ ಮೇಲೂ ಅವರು ಗದ್ದೆ ಬೆಳೆದ ಕಥೆಯನ್ನು ಹಾಡುವುದಿಲ್ಲ. ಕೆರೆ ತುಂಬಿದ ಮೇಲೆ ಊರಿಗೆ ಏನು ಒಳ್ಳೆಯದಾಯಿತೆಂದು ನಾನು ಕೇಳಿದ ಪಾಠದಲ್ಲಿ ಒಂದು ಸಾಲೂ ಇಲ್ಲ. ಕುದುರೆಯ ಮೇಲೆ ಬಂದ ಗಂಡ ಮನೆಯಲ್ಲಿ ಹೆಂಡತಿ ಎಲ್ಲಿ ಎಂದು ಕೇಳುವುದು, ಅಲ್ಲಿಗೆ ಹೋದಳು ಇಲ್ಲಿಗೆ ಹೋದಳು ಎಂದು ಮನೆಯವರು ಸುತ್ತಿ ಬಳಸಿ ಹೇಳುವುದು, ಅವನು ಹುಡುಕುತ್ತ ಓಡುವುದು, ಇದೇ ಉದ್ದಕ್ಕೂ. ಲಾಭದ ಕಲಂ ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಬರೆಯದೆ ಬಿಟ್ಟಿದ್ದಾರೆ.

ನಮ್ಮಜ್ಜಿ ಬೆಳಗಿನ ಜಾವ ಜೋಳ ಬೀಸುತ್ತ ಇದನ್ನು ಹಾಡುತ್ತಿದ್ದಳು. ನಾನು ಆಗ ಎರಡನೆಯ ಇಯತ್ತೆಯಲ್ಲಿದ್ದೆ. ಭಾಗೀರಥಿ ಬಟ್ಟಲನ್ನು ಕೈಗೆ ತೆಗೆದುಕೊಂಡೇ ಮೆಟ್ಟಿಲು ಹತ್ತುತ್ತಾಳೆ, ಆಗಲೇ ನೀರು ಬರುತ್ತದೆ. ಹಾಗಿದ್ದರೆ ಆ ಬಂಗಾರದ ಬಟ್ಟಲು ಏನಾಯಿತು ಎಂದು ಕೇಳಿದ್ದೆ. ಅಜ್ಜಿ ಬೀಸುವುದನ್ನು ನಿಲ್ಲಿಸಿ, ನನ್ನ ಪ್ರಶ್ನೆ ದಡ್ಡತನದ್ದೋ ಅಲ್ಲವೋ ಎಂದು ತೂಗುವವಳ ಹಾಗೆ ನೋಡಿದಳು. “ಅಲ್ಲೇ ಐತಿ. ಅದನ್ನ ತರಾಕ ಮತ್ತ ಯಾರ್ನ ಕಳಸ್ತಿ?” ಎಂದು, ಇನ್ನೊಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕಿದಳು.